ಚಿತ್ತವಿಕಲತೆಗಳ ವರ್ಗೀಕರಣ: ಪರ್ಯಾಯ ಕ್ರಮಗಳು ಮತ್ತು ಕಲಬುರಗಿ–ಕಮಲಾಪುರದ ನೆಲೆ

ವಾಸ್ತವದ ಅರಿವು ಕದಡಿಹೋಗುವ ತೀವ್ರ ಮನೋರೋಗಗಳನ್ನು ಮನೋವೈದ್ಯಶಾಸ್ತ್ರವು ‘ಚಿತ್ತವಿಕಲತೆ’ಗಳೆಂದು ಗುರುತಿಸುತ್ತದೆ. ಇಲ್ಲದ ದನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಅಚಲವಾದ ಮಿಥ್ಯಾನಂಬಿಕೆ, ಮಾತಿನ ಎಳೆ ತಪ್ಪುವುದು ಇವುಗಳ ಮುಖ್ಯ ಲಕ್ಷಣಗಳು. ಲಕ್ಷಣಗಳ ವಿಷಯದಲ್ಲಿ ವೈದ್ಯರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅವುಗಳನ್ನು ಯಾವ ಹೆಸರಿನಡಿ ಗುಂಪುಗೂಡಿಸಬೇಕೆಂಬ ಬಗ್ಗೆ ಮಾತ್ರ ಶತಮಾನಕ್ಕೂ ಮಿಗಿಲಾದ ಚರ್ಚೆ ನಡೆದಿದೆ. ಈ ಚರ್ಚೆ ಕಲಬುರಗಿ ನಗರದ ಆಸ್ಪತ್ರೆಗಳಿಗೂ ಹುಮನಾಬಾದ್ ಮಾರ್ಗದ ಕಮಲಾಪುರದಂತಹ ತಾಲ್ಲೂಕು ಕೇಂದ್ರಕ್ಕೂ ಏಕೆ ಮುಖ್ಯವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾರಣವನ್ನು ಆಧರಿಸಿದ ಕ್ರಮ

ನಮ್ಮಲ್ಲಿ ಪ್ರಾಚೀನವಾದುದು ಕಾರಣವನ್ನು ಆಧರಿಸಿದ ವರ್ಗೀಕರಣ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ ಮತ್ತು ಆಗಂತುಕ ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಸುಶ್ರುತಸಂಹಿತೆಯು ಮನೋದುಃಖ ಹಾಗೂ ವಿಷಗಳನ್ನೂ ಕಾರಣಗಳ ಸಾಲಿಗೆ ಸೇರಿಸುತ್ತದೆ. ‘ಗಾಳಿ ಸೋಕ್ಯಾದ’, ‘ಮೈಮ್ಯಾಲ ಬಂದದ’ ಎಂಬ ಈ ಭಾಗದ ಆಡುಮಾತುಗಳೂ ಕಾರಣವನ್ನೇ ಹೆಸರಿಸುತ್ತವೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಕ್ಷೇತ್ರಕ್ಕೆ ಇಂತಹವರನ್ನು ಕರೆತರುವ ರೂಢಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ. ಬಂದದ್ದು ಹೋಗಲೂಬಹುದೆಂಬ ಭರವಸೆಯನ್ನು ಇದು ಕುಟುಂಬಕ್ಕೆ ನೀಡುತ್ತದೆ. ಆದರೆ ಚಿಕಿತ್ಸೆ ತಡವಾಗುವುದಕ್ಕೂ ಕಾರಣವಾಗುತ್ತದೆ. ಆಧುನಿಕ ವೈದ್ಯವೂ ಕಾರಣದ ಶೋಧವನ್ನು ಕೈಬಿಟ್ಟಿಲ್ಲ. ಮಿದುಳಿನ ಸೋಂಕು, ಅಪಸ್ಮಾರ, ಥೈರಾಯ್ಡ್ ದೋಷ, ಮದ್ಯವರ್ಜನೆಗಳನ್ನು ಮೊದಲು ಪರೀಕ್ಷಿಸಲಾಗುತ್ತದೆ. ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿ ಏಕಾಏಕಿ ನಿಂತಾಗ ಇಂತಹ ಲಕ್ಷಣಗಳು ಕಾಣಿಸಿಕೊಂಡ ಪ್ರಸಂಗಗಳು ದಾಖಲಾಗಿವೆ.

ಗತಿಯನ್ನು ಆಧರಿಸಿದ ಕ್ರಮ

ಕಾರಣ ಸಿಗದ ಕಾಯಿಲೆಗಳನ್ನು ಅವುಗಳ ಗತಿಯಿಂದ ಬೇರ್ಪಡಿಸಿದವನು ಜರ್ಮನಿಯ ಎಮಿಲ್ ಕ್ರೇಪೆಲಿನ್. ೧೮೯೯ರ ತನ್ನ ಪಠ್ಯಗ್ರಂಥದಲ್ಲಿ ಆತ, ಕ್ರಮೇಣ ಬುದ್ಧಿಶಕ್ತಿಯನ್ನು ಕುಗ್ಗಿಸುವ ‘ಡಿಮೆನ್ಷಿಯ ಪ್ರೀಕಾಕ್ಸ್’ ಮತ್ತು ಬಂದು ಹೋಗುವ ‘ಉನ್ಮಾದ–ಖಿನ್ನತೆ’ ಎಂಬ ಎರಡು ಕವಲುಗಳನ್ನು ಸ್ಥಾಪಿಸಿದನು. ಮೊದಲನೆಯದಕ್ಕೆ ೧೯೦೮ರಲ್ಲಿ ಯೂಜೆನ್ ಬ್ಲಾಯ್ಲರ್ ‘ಸ್ಕಿಜೋಫ್ರೇನಿಯ’ ಎಂಬ ಹೆಸರಿತ್ತನು. ಆದರೆ ಎಲ್ಲ ರೋಗಿಗಳೂ ಈ ಎರಡು ಮನೆಗಳಲ್ಲಿ ಹಿಡಿಯಲಿಲ್ಲ. ೧೯೩೩ರಲ್ಲಿ ಕಸಾನಿನ್ ಇವೆರಡರ ಮಿಶ್ರರೂಪವನ್ನು ವಿವರಿಸಿದನು. ೧೯೫೭ರಲ್ಲಿ ಕಾರ್ಲ್ ಲಿಯೊನ್‌ಹಾರ್ಡ್, ಥಟ್ಟನೆ ಬಂದು ಪೂರ್ಣವಾಗಿ ಗುಣವಾಗುವ ‘ಆವರ್ತಕ ಚಿತ್ತವಿಕಲತೆ’ಗಳನ್ನು ಪ್ರತ್ಯೇಕಿಸಿದನು.

ಭಾರತೀಯ ಅನುಭವ ಇಲ್ಲಿ ಮಹತ್ವದ್ದು. ೧೯೬೭ರಲ್ಲಿ ಎನ್.ಎನ್. ವಿಗ್ ಅವರು ಸಹಲೇಖಕರೊಡನೆ ಭಾರತಕ್ಕೆ ಒಪ್ಪುವ ವರ್ಗೀಕರಣವೊಂದನ್ನು ಪ್ರಸ್ತಾಪಿಸಿದರು. ಆಗ್ರಾ ಮತ್ತು ಚಂಡೀಗಢಗಳೂ ಸೇರಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಗಳು, ಅಭಿವೃದ್ಧಿಶೀಲ ದೇಶಗಳಲ್ಲಿ ಹಠಾತ್ತಾಗಿ ಆರಂಭವಾಗುವ ಚಿತ್ತವಿಕಲತೆಗಳು ಹೆಚ್ಚೆಂಬುದನ್ನೂ ಅವುಗಳ ಪರಿಣಾಮ ಉತ್ತಮವೆಂಬುದನ್ನೂ ತೋರಿಸಿದವು. ೧೯೯೨ರಲ್ಲಿ ಪ್ರಕಟವಾದ ಐಸಿಡಿ–೧೦ ‘ತೀವ್ರ ಮತ್ತು ಅಲ್ಪಕಾಲಿಕ ಚಿತ್ತವಿಕಲತೆ’ಗೆ ಪ್ರತ್ಯೇಕ ಸ್ಥಾನ ನೀಡಿತು.

ಒಂದೇ ಕಾಯಿಲೆ, ಮೂರು ಹೆಸರು

ವಿವರಣೆಗಾಗಿ ಒಂದು ಕಲ್ಪಿತ ನಿದರ್ಶನವನ್ನು ಪರಿಶೀಲಿಸಬಹುದು. ಕಮಲಾಪುರದ ಕಡೆಯ ಬಾಳೆತೋಟದ ತರುಣನೊಬ್ಬನಿಗೆ ಹತ್ತೇ ದಿನಗಳಲ್ಲಿ ಕಾಯಿಲೆ ಉಲ್ಬಣಿಸುತ್ತದೆ. ತನ್ನನ್ನು ಟೀಕಿಸುವ ದನಿಗಳು ಕೇಳಿಸುತ್ತವೆ, ಮಾತು ಅಸಂಬದ್ಧವಾಗುತ್ತದೆ. ಲಕ್ಷಣಗಳ ಸ್ವರೂಪ, ತೀವ್ರತೆ ಎರಡೂ ದಿನದಿನಕ್ಕೆ ಬದಲಾಗುತ್ತವೆ. ಐದನೆಯ ವಾರದ ಕೊನೆಗೆ ಅವನು ಪೂರ್ಣ ಗುಣಹೊಂದುತ್ತಾನೆ. ದನಿಗಳು ತಿಂಗಳು ಮೀರಿ ಉಳಿದುವೆಂಬ ಕಾರಣಕ್ಕೆ ಐಸಿಡಿ–೧೦ರ ಪ್ರಕಾರ ಇದು ಸ್ಕಿಜೋಫ್ರೇನಿಯ. ಅಮೆರಿಕದ ಡಿಎಸ್‌ಎಂ–೫ (೨೦೧೩) ಸ್ಕಿಜೋಫ್ರೇನಿಯಕ್ಕೆ ಆರು ತಿಂಗಳ ಅವಧಿಯನ್ನು ಬಯಸುವುದರಿಂದ ಅದರಲ್ಲಿ ಇದು ‘ಸ್ಕಿಜೋಫ್ರೇನಿಫಾರ್ಮ್’. ೨೦೨೨ರ ಜನವರಿಯಿಂದ ಜಾರಿಗೆ ಬಂದ ಐಸಿಡಿ–೧೧, ಲಕ್ಷಣಗಳ ಚಂಚಲತೆಗೆ ಮಹತ್ವವಿತ್ತು ಮೂರು ತಿಂಗಳ ಮಿತಿಯನ್ನು ಹಾಕಿರುವುದರಿಂದ ಅಲ್ಲಿ ಇದು ಅಲ್ಪಕಾಲಿಕ ಚಿತ್ತವಿಕಲತೆ. ರೋಗಿ ಬದಲಾಗಲಿಲ್ಲ, ಬದಲಾದದ್ದು ಗಡಿರೇಖೆ.

ಆಯಾಮಗಳನ್ನು ಆಧರಿಸಿದ ಕ್ರಮ

ಈ ಗಡಿಗಳೇ ಕೃತಕವೆಂಬ ವಾದದಿಂದ ಮೂರನೆಯ ಕ್ರಮ ಹುಟ್ಟಿತು. ಇಲ್ಲಿ ‘ಯಾವ ಕಾಯಿಲೆ’ ಎಂಬುದಕ್ಕಿಂತ ‘ಯಾವ ಲಕ್ಷಣ, ಎಷ್ಟು’ ಎಂಬ ಪ್ರಶ್ನೆ ಮುಂದಾಗುತ್ತದೆ. ಡಿಎಸ್‌ಎಂ–೫ ಎಂಟು ಆಯಾಮಗಳನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಮಾಪಕವನ್ನು ಸೂಚಿಸಿದೆ. ಐಸಿಡಿ–೧೧ ಸ್ಕಿಜೋಫ್ರೇನಿಯದ ಹಳೆಯ ಉಪವಿಧಗಳನ್ನು ಕೈಬಿಟ್ಟು ಧನಾತ್ಮಕ, ಋಣಾತ್ಮಕ, ಖಿನ್ನತೆಯ, ಉನ್ಮಾದದ, ಚಲನೆಯ ಹಾಗೂ ಅರಿವಿನ ಲಕ್ಷಣಗಳನ್ನು ಬೇರೆಬೇರೆಯಾಗಿ ದಾಖಲಿಸುವ ಅವಕಾಶ ಕಲ್ಪಿಸಿದೆ. ಆದರೆ ಔಷಧಿ ಕೊಡಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಹೌದು–ಅಲ್ಲ ಎಂಬ ಉತ್ತರ ಬೇಕು. ಆದ್ದರಿಂದ ಆಯಾಮಗಳು ವರ್ಗಗಳಿಗೆ ಪೂರಕವೇ ಹೊರತು ಬದಲಿಯಲ್ಲ.

ಹೆಸರಿನ ಭಾರ

ರೋಗದ ಹೆಸರು ಕೇಸುಪತ್ರದಲ್ಲಿ ಮಾತ್ರ ಉಳಿಯುವುದಿಲ್ಲ. ಅದು ಔಷಧಿಯ ಅವಧಿಯನ್ನೂ ಮದುವೆಯ ಮಾತುಕತೆಯನ್ನೂ ಮುಟ್ಟುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೆಯ ವಿಭಾಗವು, ಐಸಿಡಿಯ ಇತ್ತೀಚಿನ ಆವೃತ್ತಿಯೂ ಸೇರಿದಂತೆ ಅಂಗೀಕೃತ ವೈದ್ಯಕೀಯ ಮಾನದಂಡಗಳಂತೆಯೇ ಮನೋರೋಗವನ್ನು ನಿರ್ಧರಿಸಬೇಕೆನ್ನುತ್ತದೆ. ಹಾಗೆ ನಿರ್ಧರಿಸಿದ ಮಾತ್ರಕ್ಕೆ ವ್ಯಕ್ತಿ ಅಸ್ವಸ್ಥಚಿತ್ತನೆಂದು ಭಾವಿಸಬಾರದೆಂದೂ ವಿಧಿಸುತ್ತದೆ. ಜಪಾನ್ ೨೦೦೨ರಲ್ಲಿ ಸ್ಕಿಜೋಫ್ರೇನಿಯದ ಹೆಸರನ್ನೇ ಬದಲಿಸಿದುದು ಕಳಂಕದ ಈ ಭಾರವನ್ನು ಇಳಿಸಲೆಂದೇ.

೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ತರಬೇತಿ ಪಡೆದ ಸಾಮಾನ್ಯ ವೈದ್ಯರೂ ಚಿತ್ತವಿಕಲತೆಯನ್ನು ಗುರುತಿಸಿ ಚಿಕಿತ್ಸಿಸಬಲ್ಲರೆಂದು ತೋರಿಸಿತು. ೨೦೧೪ರಲ್ಲಿ ಆರಂಭವಾದ ‘ಮನೋಚೈತನ್ಯ’ ಕಾರ್ಯಕ್ರಮವು ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ ವ್ಯವಸ್ಥೆ ರೂಪಿಸಿತು. ಇಂತಹ ನೆಲೆಗಳಲ್ಲಿ ಮೊದಲ ಭೇಟಿಯಲ್ಲಿಯೇ ಶಾಶ್ವತ ಹೆಸರೊಂದನ್ನು ಬರೆಯುವುದು ಅಗತ್ಯವೂ ಅಲ್ಲ, ಯುಕ್ತವೂ ಅಲ್ಲ. ಕಾಯಿಲೆ ಆರಂಭವಾದ ದಿನ, ಉಲ್ಬಣಿಸಲು ಹಿಡಿದ ಕಾಲ, ದೈಹಿಕ ಕಾರಣಗಳ ಪರೀಕ್ಷೆ, ಪ್ರತಿ ಲಕ್ಷಣದ ತೀವ್ರತೆ, ದುಡಿಮೆ ಮತ್ತು ಸಂಬಂಧಗಳ ಸ್ಥಿತಿ ಇವುಗಳನ್ನು ದಾಖಲಿಸಿ, ‘ಚಿತ್ತವಿಕಲತೆ, ತಾತ್ಕಾಲಿಕ ನಿರ್ಣಯ’ ಎಂದು ನಮೂದಿಸಿ ಚಿಕಿತ್ಸೆಯನ್ನು ಕೂಡಲೇ ಆರಂಭಿಸಬಹುದು. ಮೂರು ತಿಂಗಳ ನಂತರ ನಿರ್ಣಯವನ್ನು ಪುನರ್‌ಪರಿಶೀಲಿಸಬಹುದು. ಕಾರಣ, ಗತಿ, ಆಯಾಮ ಈ ಮೂರೂ ಕ್ರಮಗಳ ಸಾರ ಇದರಲ್ಲಿ ಅಡಕವಾಗುತ್ತದೆ. ಚಿಕಿತ್ಸೆಗೆ ಅವಸರ ಬೇಕು, ಹೆಸರಿಗೆ ತಾಳ್ಮೆ ಬೇಕು ಎಂಬುದು ಈ ಪರಿಶೀಲನೆಯಿಂದ ಸಿದ್ಧವಾಗುವ ನಿಲುವು.