ಇಪ್ಪತ್ತೊಂದು ಸೋಲು, ಐವತ್ತು ಸಾವಿರ ಮಂದಿ

ಮೊನ್ನೆ ಸೊಲ್ಲಾಪುರದ ಅಡತಿ ಅಂಗಡಿಯೊಂದರಲ್ಲಿ ತೊಗರಿ ಪಟ್ಟಿ ಆಗುವತನಕ ಕೂತಿದ್ದೆ. ಮಾತು ಕ್ರಿಕೆಟ್ಟಿನ ಕಡೆ ಹೊರಳಿತು. ಹಂಗಾಮಿನ ಮೊದಲ ನಾಲ್ಕು ಪಂದ್ಯ ಸೋತ ತಂಡವೊಂದನ್ನು ನೆನೆದು ಸಾವಕಾರರು, “ಮುಗೀತ್ರಿ ಇವರ ಕತಿ. ಒಬ್ಬರಿಗೂ ಬ್ಯಾಟ್ ಬೀಸಾಕ ಬರವಲ್ದು. ಇನ್ನ ನೋಡಾಕರೆ ಯಾರ ಹೋಗ್ತಾರ?” ಅಂದರು.

“ಸಾವಕಾರ್ರ, ನಾಲ್ಕಕ್ಕ ಹಿಂಗಂದ್ರ ಹೆಂಗ? ಸುರುವಿಗೇ ಇಪ್ಪತ್ತೊಂದು ಸೋತವರ ಕತಿ ಹೇಳ್ಲೇನು?” ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಇದು ಅಮೆರಿಕದ ಬಾಲ್ಟಿಮೋರ್ ಎಂಬ ಬಂದರು ಪಟ್ಟಣದ ಮಾತು. ಅಲ್ಲಿಯ ಬೇಸ್‌ಬಾಲ್ ತಂಡದ ಹೆಸರು ಓರಿಯೋಲ್ಸ್. ಸಾದಾ ತಂಡವಲ್ಲ, 1983ರಲ್ಲಿ ಅಲ್ಲಿಯ ಅತಿ ದೊಡ್ಡ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದದ್ದು. ಐದೇ ವರ್ಷಕ್ಕೆ ಅದರ ಗತಿ ಏನಾಯಿತು ನೋಡಿ.

ಹಂಚಿ ಬಿದ್ದ ಮಳೆ

ಮೊದಲು ಆಟದ ಲೆಕ್ಕ ತಿಳಿಯಬೇಕು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 90 ಮೈಲಿ ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ನಮ್ಮ ಕ್ರಿಕೆಟ್ ಬ್ಯಾಟಿನಂತೆ ಚಪ್ಪಟೆ ಮುಖ ಅಲ್ಲಿಲ್ಲ. ಬ್ಯಾಟೂ ದುಂಡು, ಚೆಂಡೂ ದುಂಡು. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದವನನ್ನು ಅಲ್ಲಿ ಉತ್ತಮ ಆಟಗಾರ ಅನ್ನುತ್ತಾರೆ. ಅಂದರೆ ಉತ್ತಮನೂ ಏಳು ಸಲ ತಪ್ಪುತ್ತಾನೆ.

ಇನ್ನೊಂದು ತೊಡಕಿದೆ. ಒಂದು ರನ್ ಬರಬೇಕಾದರೆ ಆಟಗಾರ ನಾಲ್ಕು ಮೂಲೆ ಸುತ್ತಿ ಬರಬೇಕು. ಒಬ್ಬ ಹೊಡೆದು ಒಂದು ಮೂಲೆ ಸೇರಿದರೆ ಅವನನ್ನು ಮುಂದಕ್ಕೆ ತರಲು ಹಿಂದಿನವನೂ ಹೊಡೆಯಬೇಕು, ಅವನ ಹಿಂದಿನವನೂ ಹೊಡೆಯಬೇಕು. ಅಷ್ಟರಲ್ಲಿ ಮೂವರು ಔಟಾದರೆ ಆ ಸರದಿ ಮುಗಿಯಿತು, ಮೂಲೆಯಲ್ಲಿ ನಿಂತವನು ನಿಂತಲ್ಲೇ ಉಳಿದ. ನಮ್ಮ ಹೊಲದ ಮಳೆ ಇದ್ದಂಗ. ವಾರಕ್ಕೊಮ್ಮೆ ನಾಲ್ಕು ಹನಿ ಬಿದ್ದರೆ ತಿಂಗಳ ಕೊನೆಗೆ ಲೆಕ್ಕದಲ್ಲಿ ಇಂಚು ಸರಿ ಇರುತ್ತದೆ, ಬಿತ್ತಾಕ ಹದ ಮಾತ್ರ ಆಗಿರುವುದಿಲ್ಲ. ತಂಡದಲ್ಲಿ ಇಬ್ಬರು ಮೂವರ ಕೈ ಕಟ್ಟಿದರೆ ಉಳಿದವರ ಹೊಡೆತವೂ ಹಿಂಗೇ ವ್ಯರ್ಥ.

ಆ ಏಪ್ರಿಲ್ ತಿಂಗಳು

1988ರ ಏಪ್ರಿಲ್ 4ರಂದು ತಮ್ಮೂರಿನ ಮೈದಾನದಲ್ಲೇ ಓರಿಯೋಲ್ಸ್ ಮೊದಲ ಪಂದ್ಯ ಆಡಿತು. ಮಿಲ್‌ವಾಕಿ ತಂಡದ ಎದುರು 12-0 ಸೋಲು. ಒಂದು ಪಂದ್ಯ ತಾನೆ, ಹಂಗಾಮಿಗೆ 162 ಪಂದ್ಯ ಇರುತ್ತವೆ ಎಂದು ಮಂದಿ ಸಮಾಧಾನ ಮಾಡಿಕೊಂಡರು. ಎರಡನೆಯದೂ ಹೋಯಿತು, ಮೂರನೆಯದೂ ಹೋಯಿತು. ಆರು ಸೋತಾಗ ತಂಡದ ಮ್ಯಾನೇಜರನನ್ನು ಕೆಲಸದಿಂದ ತೆಗೆದರು.

ಆ ಮ್ಯಾನೇಜರ್ ಕ್ಯಾಲ್ ರಿಪ್ಕೆನ್. ಮೂವತ್ತು ವರ್ಷ ಅದೇ ಸಂಸ್ಥೆಯಲ್ಲಿ ದುಡಿದವನು. ಅವನ ಇಬ್ಬರು ಮಕ್ಕಳೂ ಆಗ ಅದೇ ತಂಡದಲ್ಲಿ ಆಡುತ್ತಿದ್ದರು. ಅಪ್ಪನನ್ನು ತೆಗೆದ ಮೇಲೂ ಮಕ್ಕಳು ಅಂಗಿ ತೊಟ್ಟು ಮೈದಾನಕ್ಕೆ ಇಳಿಯಬೇಕು! ಕಿರಿಯ ಮಗ ಬಿಲ್ಲಿ ತನ್ನ 3ನೇ ನಂಬರ್ ಬಿಟ್ಟು ಅಪ್ಪನ 7ನೇ ನಂಬರಿನ ಅಂಗಿ ತೊಟ್ಟ. ಹಿರಿಯವನಾದ ಕ್ಯಾಲ್ ಜೂನಿಯರ್ ತಂಡದ ಆಧಾರಸ್ತಂಭ. ಅವನಿಗೂ ಆ ತಿಂಗಳು ಸತತ 29 ಸಲ ಒಂದು ಹೊಡೆತವೂ ಕೂಡಲಿಲ್ಲ.

ಹೊಸ ಮ್ಯಾನೇಜರನಾಗಿ ಬಂದವನು ಫ್ರಾಂಕ್ ರಾಬಿನ್ಸನ್. ತನ್ನ ಆಟದ ಕಾಲದಲ್ಲಿ 586 ಹೋಮ್ ರನ್ ಬಾರಿಸಿದ ಗಂಡು. ಆದರೆ ತಾನು ಹೊಡೆಯುವುದು ಬೇರೆ, ಇನ್ನೊಬ್ಬರ ಕೈಯಿಂದ ಹೊಡೆಸುವುದು ಬೇರೆ. ಅವನ ಕೈಕೆಳಗೂ ಇನ್ನು 15 ಸೋಲು. ಒಟ್ಟು 21 ಪಂದ್ಯದಲ್ಲಿ ತಂಡ ಗಳಿಸಿದ್ದು 44 ರನ್, ಕೊಟ್ಟದ್ದು 129. ಹಂಗಾಮಿನ ಆರಂಭದಲ್ಲಿ ಇಷ್ಟು ಸೋಲು ಕಂಡ ತಂಡ ಅಲ್ಲಿಯ ದೊಡ್ಡ ಲೀಗಿನಲ್ಲಿ ಅದರ ಹಿಂದೆಯೂ ಇಲ್ಲ, ಮುಂದೆಯೂ ಆಗಿಲ್ಲ.

ಹೊಡೆತ ಕೂಡದಾಗ ಆಗುವುದೇ ಹೀಗೆ. ಕೊರತೆಯನ್ನೆಲ್ಲ ತಾನೊಬ್ಬನೇ ಒಂದೇ ಏಟಿಗೆ ತುಂಬುತ್ತೇನೆಂದು ಪ್ರತಿಯೊಬ್ಬನೂ ಬೀಸುತ್ತಾನೆ. ಬಿಡಬೇಕಾದ ಚೆಂಡಿಗೂ ಕೈ ಹಾಕುತ್ತಾನೆ. ಎದುರಿನವನಿಗೆ ಅದು ತಿಳಿದರೆ ಒಳ್ಳೆಯ ಚೆಂಡು ಕೊಡುವುದೇ ಇಲ್ಲ. ಒಂದು ವರ್ಷದ ಸಾಲ ಒಂದೇ ಸೌದೆಯಲ್ಲಿ ತೀರಿಸಲು ಹೊರಟ ವ್ಯಾಪಾರಿಯ ಪಾಡು ಅದು.

ಕೊನೆಗೆ ಏಪ್ರಿಲ್ 29ರಂದು ಶಿಕಾಗೋದಲ್ಲಿ 9-0 ಗೆಲುವು ಬಂತು. ಅದರ ಬೆನ್ನಿಗೇ ಮತ್ತೆ ಎರಡು ಸೋಲು. 24 ಪಂದ್ಯಕ್ಕೆ ಒಂದೇ ಗೆಲುವು ಹೊತ್ತು ತಂಡ ಊರಿಗೆ ಮರಳಿತು.

ಮಂದಿ ಯಾಕೆ ಬಂದರು?

ಮೇ 2ರ ರಾತ್ರಿ ಆ ಸೋತ ತಂಡವನ್ನು ನೋಡಲು ಎಷ್ಟು ಜನ ಬಂದರು ಗೊತ್ತೇ? 50,402!

“ಮಂದಿಗೆ ತಲಿ ಕೆಟ್ಟಿತ್ತೇನ್ರಿ?” ಎಂದರು ಸಾವಕಾರರು.

ಇಲ್ಲ, ಅವರಿಗೆ ಒಳಗೊಂದು ಭಯ ಇತ್ತು. ಬಾಲ್ಟಿಮೋರಿನಲ್ಲಿ ಮೊದಲು ಕೋಲ್ಟ್ಸ್ ಎಂಬ ಫುಟ್‌ಬಾಲ್ ತಂಡ ಇತ್ತು. 1984ರ ಮಾರ್ಚಿನ ಒಂದು ರಾತ್ರಿ ಅದರ ಮಾಲೀಕ ಸಾಮಾನೆಲ್ಲ ಲಾರಿಗೆ ಹೇರಿ ತಂಡವನ್ನೇ ಇಂಡಿಯಾನಾಪೊಲಿಸ್ ಪಟ್ಟಣಕ್ಕೆ ಸಾಗಿಸಿಬಿಟ್ಟ. ಬೆಳಗಾಗುವುದರೊಳಗೆ ಊರಿನ ತಂಡ ಊರಲ್ಲಿರಲಿಲ್ಲ. ಅಲ್ಲಿ ತಂಡ ಅಂದರೆ ಮಾಲೀಕನ ಸ್ವತ್ತು, ಮಂದಿ ಬರದಿದ್ದರೆ ಬಿಡಾರ ಎತ್ತುತ್ತಾನೆ. ಉಳಿದದ್ದು ಓರಿಯೋಲ್ಸ್ ಒಂದೇ. ಅದೂ ಹೋದರೆ?

ಆ ರಾತ್ರಿ ಎರಡು ಒಳ್ಳೆಯ ಸುದ್ದಿ ಸಿಕ್ಕವು. ಟೆಕ್ಸಾಸ್ ತಂಡದ ಮೇಲೆ 9-4 ಗೆಲುವು ಒಂದು. ಹೊಸ ಮೈದಾನಕ್ಕೆ 15 ವರ್ಷದ ಕರಾರು ಆಗಿದೆ, ತಂಡ ಎಲ್ಲಿಗೂ ಹೋಗುವುದಿಲ್ಲ ಎಂಬ ಘೋಷಣೆ ಇನ್ನೊಂದು. ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡದು.

ಆಮೇಲೆ ಪವಾಡವೇನೂ ನಡೆಯಲಿಲ್ಲ. ಆ ವರ್ಷ ತಂಡ 54 ಗೆದ್ದು 107 ಸೋತಿತು, ತನ್ನ ವಿಭಾಗದಲ್ಲಿ ಕಟ್ಟಕಡೆಗೆ ನಿಂತಿತು. ಆದರೆ 29 ಸಲ ಕೈಕಟ್ಟಿದ್ದ ರಿಪ್ಕೆನ್ ಒಂದು ದಿನವೂ ಆಟ ಬಿಡದೆ ವರ್ಷದ ಕೊನೆಗೆ 23 ಹೋಮ್ ರನ್ ಹೊಡೆದಿದ್ದ. ಮಾರನೆಯ ವರ್ಷ, 1989ರಲ್ಲಿ, ಅದೇ ರಾಬಿನ್ಸನ್ನನ ಕೈಕೆಳಗೆ ತಂಡ 87 ಪಂದ್ಯ ಗೆದ್ದು ವಿಭಾಗದಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಕೆಲಸ ಕಳೆದುಕೊಂಡಿದ್ದ ಹಿರಿಯ ರಿಪ್ಕೆನ್ನನೂ ಆ ವರ್ಷ ತರಬೇತುದಾರನಾಗಿ ಮರಳಿದ. ಕರಾರಿನ ಮೈದಾನ 1992ರಲ್ಲಿ ತೆರೆಯಿತು. 1995ರಲ್ಲಿ ಅಲ್ಲೇ ಕ್ಯಾಲ್ ಜೂನಿಯರ್ ಸತತ 2,131ನೇ ಪಂದ್ಯ ಆಡಿ, 56 ವರ್ಷದ ಹಳೆಯ ದಾಖಲೆ ಮುರಿದ.

ಸೋತವರೆಲ್ಲ ಹೀಗೆ ಏಳುತ್ತಾರೆಂದು ನಾನು ಹೇಳುವುದಿಲ್ಲ. 2024ರಲ್ಲಿ ಶಿಕಾಗೋದ ವೈಟ್ ಸಾಕ್ಸ್ ತಂಡವೂ ನಡುವೆ ಸತತ 21 ಸೋತು, ವರ್ಷದಲ್ಲಿ 121 ಪಂದ್ಯ ಕಳೆದುಕೊಂಡಿತು. ಆದರೆ ನಾಲ್ಕು ಸೋಲಿಗೇ ಲೆಕ್ಕದ ಪುಸ್ತಕ ಮುಚ್ಚಬಾರದು ಎಂಬುದಕ್ಕೆ ಬಾಲ್ಟಿಮೋರ್ ಸಾಕು.

ಸಾವಕಾರರು ಸುಮ್ಮನೆ ಕೇಳಿದರು. ಪಟ್ಟಿ ನನ್ನ ಕೈಗಿಟ್ಟು, “ಗೆದ್ದಾಗ ಬರೂ ಗಿರಾಕಿ ಹಿಡಿದು ಅಂಗಡಿ ನಡ್ಯೂದಿಲ್ರಿ. ಆ ಐವತ್ತು ಸಾವಿರ ಮಂದಿ ಖರೇ ಗಿರಾಕಿ” ಅಂದರು. ಆಮೇಲೆ ಹುಡುಗನಿಗೆ ಹೇಳಿ ಟಿ.ವಿ. ಹಚ್ಚಿಸಿದರು. ಅವರ ತಂಡದ ಐದನೆಯ ಪಂದ್ಯ ಅಂದೇ ಇತ್ತು.