ಕೆಂಪು, ಹಳದಿ, ಹಸಿರು: ನೈಮ್ ಕಲಿಯೋಣ ಬನ್ನಿ

ಒಂದು ಸಾಲು ಕೋಡ್ ಬರೆಯದೆ ಡೇಟಾ ಅನಾಲಿಸಿಸ್ ಕಲಿಯಬೇಕಾ? ನೈಮ್ ಅನಾಲಿಟಿಕ್ಸ್ ಪ್ಲಾಟ್‌ಫಾರ್ಮ್ ತೆರೆಯಿರಿ. 2004ರಲ್ಲಿ ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಓಪನ್ ಸೋರ್ಸ್, ಡೌನ್‌ಲೋಡಿಗೆ ದುಡ್ಡು ಬೇಡ.

ಇಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ನೋಡ್. ಸಿಎಸ್‌ವಿ ರೀಡರ್ ಫೈಲ್ ಓದುತ್ತೆ, ರೋ ಫಿಲ್ಟರ್ ಬೇಡದ ಸಾಲು ತೆಗೆಯುತ್ತೆ, ಗ್ರೂಪ್‌ಬೈ ಗುಂಪು ಮಾಡಿ ಮೊತ್ತ ಕೊಡುತ್ತೆ. ನೋಡ್ ಕೆಳಗೆ ಪುಟ್ಟ ಸಿಗ್ನಲ್ ದೀಪ: ಕೆಂಪು ಅಂದ್ರೆ ಸೆಟ್ಟಿಂಗ್ ಬಾಕಿ, ಹಳದಿ ಅಂದ್ರೆ ಓಡಿಸಬಹುದು, ಹಸಿರು ಅಂದ್ರೆ ಓಡಿ ಮುಗೀತು. ಹಸಿರು ಬಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ!

ಎಡವೋ ಜಾಗ ಎರಡು ಟೇಬಲ್ ಸೇರಿಸುವ ಜಾಯ್ನರ್ ನೋಡ್. ಮೇಲಿನ (ಅಂದ್ರೆ ಲೆಫ್ಟ್) ಟೇಬಲ್‌ನಲ್ಲಿ ಆರ್ಡರ್‌ಗಳು, ಕೆಳಗಿನದರಲ್ಲಿ ಗ್ರಾಹಕರು ಅಂದ್ಕೊಳ್ಳಿ. ಇನ್ನರ್ ಜಾಯಿನ್ ಮಾಡಿದ್ರೆ ಎರಡೂ ಕಡೆ ತಾಳೆಯಾಗುವ ಸಾಲುಗಳಷ್ಟೇ ಉಳಿಯೋದು. ಗ್ರಾಹಕರ ಪಟ್ಟಿಯಲ್ಲಿ ಹೆಸರಿಲ್ಲದ ಆರ್ಡರ್ ಸದ್ದಿಲ್ಲದೆ ಮಾಯ, ಮೊತ್ತಕ್ಕೂ ಕತ್ತರಿ. ಲೆಫ್ಟ್ ಔಟರ್ ಆರಿಸಿ ನೋಡಿ: ಆರ್ಡರ್ ಉಳಿಯುತ್ತೆ, ಗ್ರಾಹಕರ ವಿವರ ಇಲ್ಲದ ಕಡೆ ಕೆಂಪು ಪ್ರಶ್ನೆ ಚಿಹ್ನೆ ಬರುತ್ತೆ. ಒಬ್ಬರೇ ಗ್ರಾಹಕರ ಹೆಸರು ಪಟ್ಟಿಯಲ್ಲಿ ಎರಡು ಸಲ ಇದ್ರೆ? ಒಂದು ಆರ್ಡರ್ ಎರಡಾಗುತ್ತೆ, ಗಳಿಸದ ದುಡ್ಡು ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಜಾಯಿನ್‌ಗೆ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಅಂತ ನೋಡೋ ಅಭ್ಯಾಸ ಮಾಡ್ಕೊಳ್ಳಿ.

ನೈಮ್ ಸರ್ಟಿಫಿಕೇಷನ್‌ನ ಮೊದಲ ಮೆಟ್ಟಿಲು ಎಲ್1. ಅದು ಪ್ಲಾಟ್‌ಫಾರ್ಮ್‌ನ ಮೂಲ ಬಳಕೆಯದ್ದು. ಅದಕ್ಕೆ ತಯಾರಾಗಲು ಬರೀ ವಿಡಿಯೊ ನೋಡ್ತಾ ಕೂರಬೇಡಿ. ಮನೆ ಖರ್ಚೋ, ಅಂಗಡಿ ವ್ಯಾಪಾರವೋ, ನಿಮ್ಮದೇ ಎಕ್ಸೆಲ್ ಫೈಲ್ ಹಾಕಿ. ಆ ಲೆಕ್ಕ ನಿಮಗೆ ಗೊತ್ತಿರೋದರಿಂದ ತಪ್ಪು ಬಂದ್ರೆ ಥಟ್ಟನೆ ಕಣ್ಣಿಗೆ ಬೀಳುತ್ತೆ. ಓಡಿಸಲು ನೋಡ್ ಆರಿಸಿ, ಎಫ್7 ಒತ್ತಿ.