ಕಾಡು ಅರಿಶಿನದ ಆರು ತಿಂಗಳ ನಿದ್ದೆ

ಹಾವೇರಿಗೆ ಯಾಲಕ್ಕಿ ಕಂಪಿನ ನಾಡು ಎಂಬ ಹೆಸರಿದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಅಲ್ಲಿ ನಡೆದಾಗ ಈ ಹೆಸರು ನಾಡಿನ ಕಿವಿಗೆ ಮತ್ತೊಮ್ಮೆ ಬಿತ್ತು. ಆದರೆ ಆ ಯಾಲಕ್ಕಿ ಹಾವೇರಿಯ ಮಣ್ಣಿನಲ್ಲಿ ಬೆಳೆದದ್ದಲ್ಲ. ಘಟ್ಟದಿಂದ ಇಳಿದು ಬಂದ ಕಾಯಿಯನ್ನು ಇಲ್ಲಿನ ಬಾವಿಯ ನೀರಿನಲ್ಲಿ ತೊಳೆದು, ಹಸನು ಮಾಡಿ, ಹಾರ ಕಟ್ಟಿ ಮಾರಿದ ವ್ಯಾಪಾರದಿಂದ ಬಂದ ಕೀರ್ತಿ ಅದು. ಯಾಲಕ್ಕಿ ನಿತ್ಯಹಸುರು ಕಾಡಿನ ಗಿಡ. ವರ್ಷಕ್ಕೆ 1500 ಮಿಲಿಮೀಟರಿಗೂ ಮಿಕ್ಕಿದ ಮಳೆ ಬೇಕು, ಬೇಸಿಗೆಯಲ್ಲೂ ಬುಡ ಆರಬಾರದು. ಇದೇ ಜಿಲ್ಲೆಯ ರಾಣೆಬೆನ್ನೂರಿನ ಮಳೆ ಅದರ ಅರ್ಧಕ್ಕೂ ಸಾಲದು. ಆದರೂ ಯಾಲಕ್ಕಿಯ ಕುಲದಲ್ಲೇ, ಅಂದರೆ ಶುಂಠಿಯ ಕುಟುಂಬದಲ್ಲೇ, ಈ ಸೀಮೆಯ ಹಿತ್ತಲಿಗೆ ಒಗ್ಗುವ ಒಂದು ಕಾಡುಹೂ ಇದೆ: ಕಾಡು ಅರಿಶಿನ. ಯಾಲಕ್ಕಿ ಎಂದೂ ಮಲಗುವುದಿಲ್ಲ, ಕಾಡು ಅರಿಶಿನ ವರ್ಷದ ಅರ್ಧ ಭಾಗ ಮಲಗಿಯೇ ಇರುತ್ತದೆ. ಈ ವ್ಯತ್ಯಾಸ ಮರೆತು ಎರಡಕ್ಕೂ ಒಂದೇ ಆರೈಕೆ ಮಾಡಿದರೆ ಕಾಡುಹೂ ಎರಡನೆಯ ಮಳೆಗಾಲ ಕಾಣುವುದಿಲ್ಲ. ಒಣ ಸೀಮೆಯ ತೋಟದಲ್ಲಿ ಇಂಥ ಗಿಡ ಸಾಯುವುದು ನೀರಿನ ಕೊರತೆಯಿಂದ ಎಂದೇ ನಾವು ನಂಬಿದ್ದೇವೆ. ನಿಜದಲ್ಲಿ ಅದನ್ನು ಹೆಚ್ಚಾಗಿ ಕೊಲ್ಲುವುದು ಅಕಾಲದಲ್ಲಿ ಹಾಕಿದ ನೀರು.

ಕಾಡು ಅರಿಶಿನ ಎಂಬ ಹೆಸರು ನಮ್ಮಲ್ಲಿ ಹಲವು ಸೋದರ ಜಾತಿಗಳಿಗೆ ಸಲ್ಲುತ್ತದೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಕರ್ಕ್ಯುಮಾ ಸ್ಯೂಡೋಮೊಂಟಾನಾ ಎಂಬುದನ್ನು. 1839ರಲ್ಲಿ ಪ್ರಕಟವಾದ ಜಾನ್ ಗ್ರಹಾಂ ಅವರ ಮುಂಬಯಿ ಸಸ್ಯಪಟ್ಟಿಯಲ್ಲಿ ಮೊದಲು ಈ ಹೆಸರು ಪಡೆದ ಗಿಡ ಇದು. ಪಶ್ಚಿಮ ಘಟ್ಟ ಮತ್ತು ಅದರ ಮೂಡಣ ಸೆರಗಿನ ಎಲೆಯುದುರುವ ಕಾಡು ಇದರ ತವರು. ಮೃಗಶಿರ, ಆರಿದ್ರ ಮಳೆ ನೆಲವನ್ನು ಹದ ಮಾಡಿದ ಮೇಲೆ ಮೊದಲ ಹೂಗೊಂಚಲು ಎಲೆಗಳ ಪಕ್ಕದಲ್ಲಿ ನೆಲದಿಂದಲೇ ನೇರ ಏಳುತ್ತದೆ. ಮಳೆ ಮುಂದುವರಿದಂತೆ ಆಮೇಲಿನ ಗೊಂಚಲುಗಳು ಎಲೆಗಳ ನಟ್ಟನಡುವಿನಿಂದ ಬರುತ್ತವೆ. ತುದಿಯಲ್ಲಿ ಗುಲಾಬಿ ಬಣ್ಣಕ್ಕೆ ಹೊಳೆಯುವುದನ್ನು ಎಲ್ಲರೂ ಹೂವೆಂದೇ ತಿಳಿಯುತ್ತಾರೆ. ಅದು ಹೂವಲ್ಲ, ಬಣ್ಣ ಬಳಿದುಕೊಂಡ ಎಲೆ, ದೂರದ ಕೀಟಕ್ಕೆ ಹಾಕಿದ ಬೋರ್ಡು. ನಿಜವಾದ ಹೂ ಹಳದಿ, ಕೆಳಗಿನ ಹಸುರು ಚೀಲಗಳೊಳಗೆ ಅರ್ಧ ಅಡಗಿ ಒಂದೊಂದಾಗಿ ಅರಳಿ ಬೇಗನೆ ಬಾಡುತ್ತದೆ. ಸ್ವಾತಿ ಮಳೆ ಮುಗಿದು ದೀಪಾವಳಿ ಕಳೆದರೆ ಎಲೆ ಹಳದಿಗೆ ತಿರುಗಿ ಒರಗುತ್ತದೆ. ಡಿಸೆಂಬರಿನ ಹೊತ್ತಿಗೆ ಮೇಲೆ ಏನೂ ಉಳಿಯದು. ಕೆಳಗೆ ಒಂದು ಸಣ್ಣ ಗಡ್ಡೆ, ಅದರ ಬೇರುಗಳ ತುದಿಯಲ್ಲಿ ಬಾದಾಮಿಯಂಥ ಪಿಷ್ಟದ ಗಂಟುಗಳು, ಅಷ್ಟೇ.

ಗಿಡ ಹೀಗೇಕೆ ಬದುಕುತ್ತದೆ ಎಂಬುದಕ್ಕೆ ಉತ್ತರ ಮೇಲಿನ ಮರಗಳಲ್ಲಿದೆ. ದಟ್ಟ ಮಳೆಕಾಡಿನ ನೆಲಕ್ಕೆ ತಲುಪುವ ಬೆಳಕು ಮೇಲೆ ಬಿದ್ದದ್ದರ ನೂರಕ್ಕೆ ಒಂದೆರಡು ಪಾಲು ಮಾತ್ರ. ವರ್ಷವಿಡೀ ಅಷ್ಟೇ. ಅಲ್ಲಿಯ ಗಿಡ ಆ ಚೂರು ಬೆಳಕಿನಲ್ಲೇ ನಿಧಾನವಾಗಿ, ನಿಲ್ಲದೆ ಬದುಕುವುದನ್ನು ಕಲಿತಿದೆ. ತೇಗ, ಮತ್ತಿಗಳ ಕಾಡಿನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಮರ ಬೋಳಾಗಿ ನೆಲಕ್ಕೆ ಬೆಳಕು ಧಾರಾಳ, ಆದರೆ ನೀರಿಲ್ಲ. ಶ್ರಾವಣದಲ್ಲಿ ನೀರು ಧಾರಾಳ, ಆದರೆ ಅಷ್ಟರಲ್ಲಿ ಮೇಲೆ ಎಲೆಯ ಚಪ್ಪರ ಮುಚ್ಚಿಕೊಂಡಿರುತ್ತದೆ. ಬೆಳಕೂ ನೀರೂ ಒಟ್ಟಿಗೆ ಸಿಗುವುದು ಮುಂಗಾರಿನ ಮೊದಲ ಕೆಲವು ವಾರ. ಆ ವಾರಗಳಲ್ಲಿ ಬೀಜ ಮೊಳೆತು, ಬೇರು ಬಿಟ್ಟು, ಎಲೆ ಹರಡಿ, ಹೂ ಬಿಡುವಷ್ಟು ಪುರುಸೊತ್ತು ಇರುವುದಿಲ್ಲ. ಹಿಂದಿನ ವರ್ಷದ ಗಳಿಕೆಯನ್ನು ಗಡ್ಡೆಯಲ್ಲಿ ಕೂಡಿಟ್ಟು, ಮೊಗ್ಗನ್ನು ಒಳಗೇ ಸಿದ್ಧಪಡಿಸಿಕೊಂಡು ಕಾದವರಿಗೆ ಮಾತ್ರ ಅದು ಸಾಧ್ಯ. ಹಾಗಾಗಿ ಈ ನಿದ್ದೆ ಬರಗಾಲಕ್ಕೆ ಹೆದರಿ ಅವಿತುಕೊಂಡದ್ದೆಂದು ಮಾತ್ರ ತಿಳಿಯಬಾರದು, ಮುಂದಿನ ಜೂನಿನ ಓಟಕ್ಕೆ ಬೇಕಾದ ಬಂಡವಾಳವನ್ನು ಅದು ಕಾಯುತ್ತಿರುತ್ತದೆ.

ಈ ಬಂಡವಾಳವನ್ನು ಬೇಸಿಗೆಯ ನೀರು ಎರಡು ಕಡೆಯಿಂದ ಕರಗಿಸುತ್ತದೆ. ಮಲಗಿದ ಗಡ್ಡೆಯೂ ಉಸಿರಾಡುತ್ತದೆ, ಉಸಿರಾಟಕ್ಕೆ ಪಿಷ್ಟವನ್ನೇ ಉರಿಸುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಜೀವಕೋಶದ ಉಸಿರಾಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಪ್ರಿಲ್ ತಿಂಗಳ ಕಾದ ನೆಲಕ್ಕೆ ನೀರೂ ಸೇರಿ ಗಡ್ಡೆ ಎಚ್ಚೆತ್ತರೆ ಖರ್ಚು ಇನ್ನೂ ಏರುತ್ತದೆ, ಗಳಿಸಲು ಎಲೆ ಇಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದ ಒಂದು ಪಾಲು. ಮಣ್ಣಿನ ಸಂದುಗಳು ನೀರಿನಿಂದ ತುಂಬಿದರೆ ಗಡ್ಡೆಗೆ ಉಸಿರು ಕಟ್ಟುತ್ತದೆ, ಅದೇ ಹೊತ್ತಿಗೆ ಪಿಥಿಯಂ ಎಂಬ ಕೊಳೆರೋಗಾಣುವಿಗೆ ಹಬ್ಬ. ಹಾನಗಲ್ ಕಡೆ ಶುಂಠಿ ಹಾಕಿ ಕೊಳೆರೋಗಕ್ಕೆ ಹೊಲ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ನಿಂತ ಮಡಿ ಮೊದಲು ಹೋಗುತ್ತದೆ ಎಂಬುದು ಅವರ ಕಣ್ಣಳತೆಯ ಪಾಠ, ಕಾಡು ಅರಿಶಿನಕ್ಕೂ ಅದೇ ಪಾಠ ಸಲ್ಲುತ್ತದೆ.

ಇದಕ್ಕೆ ಅರಿಶಿನ ಬೆಳೆಗಾರರು ತಕರಾರು ತೆಗೆಯಬಹುದು. ಅರಿಶಿನವನ್ನು ಬೇಸಿಗೆಯ ಕೊನೆಯಲ್ಲಿ, ಮಳೆಗೆ ಮುಂಚೆಯೇ ನೀರು ಕೊಟ್ಟು ನಾಟಿ ಮಾಡುತ್ತಾರೆ, ಬೆಳೆ ಚೆನ್ನಾಗಿಯೇ ಬರುತ್ತದೆ, ಅಂದಮೇಲೆ ಬೇಸಿಗೆಯ ನೀರು ಹಾಳು ಹೇಗೆ ಎಂದು. ತಕರಾರು ನ್ಯಾಯವಾದದ್ದೇ. ಆದರೆ ಆ ರೈತರು ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆ ಕೀಳುತ್ತಾರೆ, ಬಿತ್ತನೆಯ ಗಡ್ಡೆಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ, ಒಣಗಿದ ಜಾಗದಲ್ಲಿ ಕಾಪಿಡುತ್ತಾರೆ. ಅಂದರೆ ನಿದ್ದೆಯನ್ನು ಅವರು ತಪ್ಪಿಸಿಲ್ಲ, ನೆಲದ ಬದಲು ಮನೆಯ ಮೂಲೆಯಲ್ಲಿ ಮಲಗಿಸಿದ್ದಾರೆ. ಮಲಗಿ ಎದ್ದ ಗಡ್ಡೆಗೆ ಕೊಟ್ಟ ನೀರು ಊಟ. ಮಲಗಿರುವ ಗಡ್ಡೆಗೆ ಸುರಿದ ನೀರನ್ನು ಹಾಗೆನ್ನಲಾಗದು. ಇನ್ನೊಂದು ಸಾಕ್ಷಿ ಬೇರೆಯೇ ಕುಲದಿಂದ ಬರುತ್ತದೆ. ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವಿಗೂ (ಅದೇ ಅಗ್ನಿಶಿಖೆ) ಶುಂಠಿಗೂ ಹತ್ತಿರದ ನೆಂಟಸ್ತಿಕೆ ಏನಿಲ್ಲ. ಆದರೂ ಅದು ಮಳೆಯೊಂದಿಗೆ ಎದ್ದು ಚಳಿಗಾಲಕ್ಕೆ ಗಡ್ಡೆಗೆ ಇಳಿಯುತ್ತದೆ. ಆ ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದಲೇ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು. ಸಂಬಂಧವಿಲ್ಲದ ಎರಡು ಕುಲಗಳು ಒಂದೇ ಉಪಾಯಕ್ಕೆ ಬಂದಿವೆ ಎಂದರೆ ಆ ಉಪಾಯ ಈ ಹವೆಯಿಂದಲೇ ಹುಟ್ಟಿದ್ದು. (ಗೌರಿ ಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ನೆಡದಿರುವುದೇ ಲೇಸು.)

ಹಾಗಾದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಇದಕ್ಕೆ ಜಾಗ ಎಲ್ಲಿ? ತಂಪು ನೆರಳು ಎಂದೊಡನೆ ಕಣ್ಣಿಗೆ ಬರುವುದು ಬೋರ್‌ವೆಲ್ ನೀರಿನ ಅಡಿಕೆ ತೋಟ, ಸವಣೂರು ಸೀಮೆಯ ಎಲೆಬಳ್ಳಿ ತೋಟ. ನೋಟಕ್ಕೆ ಅವು ಕಾಡಿನ ಒಳಗಿನಂತೆಯೇ ಇವೆ. ಆದರೆ ಬಿರುಬೇಸಿಗೆಯಲ್ಲೇ ಅವಕ್ಕೆ ಹೆಚ್ಚು ನೀರು ಬೇಕು, ಹನಿ ನೀರಾವರಿಯ ಪೈಪು ಮಾರ್ಚಿನಲ್ಲೇ ಬಿಡುವಿಲ್ಲದೆ ತೊಟ್ಟಿಕ್ಕುತ್ತಿರುತ್ತದೆ. ಅಡಿಕೆಯ ಬುಡದಲ್ಲಿ ನೆಟ್ಟ ಕಾಡು ಅರಿಶಿನ ಮೊದಲ ವರ್ಷ ನಕ್ಕು ಎರಡನೆಯ ವರ್ಷ ಕೊಳೆಯುವುದು ಇದರಿಂದಲೇ. ತೋಟದ ನಡುವಿಗಿಂತ ಅದರ ಅಂಚು ಮೇಲು: ಪೈಪು ತಲುಪದ, ಮಳೆ ಮಾತ್ರ ತಲುಪುವ ಬದು. ಮನೆಯಲ್ಲಾದರೆ ಮೂಡಣ ಗೋಡೆಯ ಪಕ್ಕ, ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನದ ಹೊತ್ತಿಗೆ ನೆರಳಾಗುವ ಕಡೆ. ಇಲ್ಲವೆ ನುಗ್ಗೆ, ಚೊಗಚೆ, ಹಾಲವಾಣಗಳಂಥ ತೆಳು ನೆರಳಿನ ಮರದ ಅಡಿ. ಹುಣಸೆ, ಮಾವಿನ ಗಾಢ ನೆರಳಿನಲ್ಲಿ ಎಲೆ ಬಂದೀತು, ಹೂ ಬರುವುದು ಅನುಮಾನ. ಮಣ್ಣಿನ ವಿಚಾರದಲ್ಲಿ ಮಸಾರಿ ನೆಲದವರು ಅದೃಷ್ಟವಂತರು. ಎರಿ ಮಣ್ಣು ಮಳೆಯಲ್ಲಿ ಉಬ್ಬಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಗಡ್ಡೆಗೆ ಎರಡೂ ಆಗದು. ಅಂಥಲ್ಲಿ ಗೇಣುದ್ದ ಎತ್ತರದ ಮಡಿ ಕಟ್ಟಿ, ಮಸಾರಿ ಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರ, ತರಗು ಬೆರೆಸಿ ತುಂಬಬೇಕು.

ಬಯಲುಸೀಮೆಗೆ ಕಾಡಿನ ಹೂ ಯಾಕೆ, ಅದು ಶಿರಸಿಗೋ ಸಾಗರಕ್ಕೋ ಇರಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಿತವಾದ ಆ 119 ಚದರ ಕಿಲೋಮೀಟರಿನ ಹುಲ್ಲು, ಕುರುಚಲು ಕಾಡಿನ ಸಂಪತ್ತು ಇರುವುದು ಅದರ ಬಯಲಿನಲ್ಲಿ. ಓಡಲು ಬಯಲು ಬೇಕಾದ ಮೃಗದ ನೆಲದಲ್ಲಿ ನೀಲಗಿರಿ ನೆಟ್ಟದ್ದೇ ಸಾಕಷ್ಟು ತಪ್ಪಾಯಿತು, ಅಲ್ಲಿ ನೆರಳಿನ ಹೂ ನೆಡಬೇಕೆಂದು ಯಾರೂ ಹೇಳಬಾರದು. ಆದರೆ ಹಿತ್ತಲು ಬಯಲಲ್ಲ. ಗೋಡೆ ಎಬ್ಬಿಸಿ, ಮರ ಬೆಳೆಸಿ, ನೆರಳನ್ನು ನಾವೇ ಮಾಡಿಟ್ಟಿದ್ದೇವೆ. ಆ ನೆರಳಿಗೆ ನರ್ಸರಿಯಿಂದ ಥಾಯ್ಲೆಂಡ್ ಮೂಲದ ಸಿಯಾಮ್ ಟ್ಯುಲಿಪ್ ತರುತ್ತೇವೆ. ಅದೂ ಅರಿಶಿನದ ಜಾತಿಯದೇ, ಅದಕ್ಕೂ ನಿದ್ದೆ ಬೇಕು. ಅಷ್ಟು ದೂರದ ದಾಯಾದಿಗೆ ಒಗ್ಗಿದ ಮೂಲೆ ಘಟ್ಟದ ಸೆರಗಿನಿಂದ ಬಂದದ್ದಕ್ಕೆ ಒಗ್ಗದೆ? ಯಾಲಕ್ಕಿಗಿಲ್ಲದ ಅನುಕೂಲ ಕಾಡು ಅರಿಶಿನಕ್ಕೆ ಇಲ್ಲಿದೆ: ಅದಕ್ಕೆ ಬೇಕಾದ ನಾಲ್ಕೈದು ತಿಂಗಳ ತೇವವನ್ನು ಮಳೆ ಮುಕ್ಕಾಲು ಪಾಲು ಕೊಡುತ್ತದೆ, ಮಳೆ ಕೈಕೊಟ್ಟ ವಾರ ಒಂದೆರಡು ಕೊಡ ಸುರಿದರೆ ಸಾಕು. ಉಳಿದ ತಿಂಗಳ ಒಣಹವೆಯಂತೂ ಈ ಜಿಲ್ಲೆಯಲ್ಲಿ ಬಿಟ್ಟಿ.

ಗಡ್ಡೆಯನ್ನು ಕಾಡಿನಿಂದ ಕಿತ್ತು ತರುವುದು ಮಾತ್ರ ಬೇಡ. ಅಭಯಾರಣ್ಯದೊಳಗಿನಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಾನೂನು ಬದಿಗಿರಲಿ, ಹೂವಿನ ಕಾಲದಲ್ಲಿ ಕಿತ್ತ ಗಡ್ಡೆ ಖಾಲಿ ಚೀಲ, ಕೂಡಿಟ್ಟದ್ದನ್ನೆಲ್ಲ ಆಗತಾನೇ ಖರ್ಚು ಮಾಡಿರುತ್ತದೆ. ಬೆಳೆಸಿದವರ ಹಿತ್ತಲಿನಿಂದ ಮಾಗಿಯಲ್ಲಿ ಒಂದು ತುಂಡು ಗಡ್ಡೆ ಕೇಳಿ ತರುವುದು ಸುಲಭ. ಬೀಜದಿಂದಲೂ ಬೆಳೆಸಬಹುದು. ಅಡುಗೆಯ ಅರಿಶಿನ ಮೂರು ಸೆಟ್ ವರ್ಣತಂತುಗಳ ಗಿಡ. ಒಟ್ಟು 63 ಇರುವುದರಿಂದ ಅವು ಸಮನಾಗಿ ಪಾಲಾಗದೆ ಬೀಜ ಕಟ್ಟುವುದೇ ಅಪರೂಪ. 42 ವರ್ಣತಂತುಗಳ ಈ ಕಾಡು ಸೋದರನಿಗೆ ಆ ತೊಡಕಿಲ್ಲ. ಕೀಟ ಬಾರದಿದ್ದರೆ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಕೈಯಾರೆ ಮುಟ್ಟಿಸಿ ನೋಡಬಹುದು. ರಾಣೆಬೆನ್ನೂರಿನ ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಮೆಣಸಿನ, ಟೊಮೆಟೊ ಮೊಗ್ಗು ಬಿಡಿಸಿ ಕ್ರಾಸಿಂಗ್ ಮಾಡಿದ ಹೆಣ್ಣುಮಕ್ಕಳಿಗೆ ಇದು ಎಡಗೈ ಕೆಲಸ.

ರೋಹಿಣಿ ಮಳೆಗೆ ಸ್ವಲ್ಪ ಮುಂಚೆ, ಎರಡು ಮೂರು ಇಂಚು ಆಳದಲ್ಲಿ, ಗೇಣಿಗೊಂದರಂತೆ ಗಡ್ಡೆ ಇಟ್ಟು ಮೇಲೆ ತರಗು ಹೊದಿಸಿ. ಆ ತರಗನ್ನು ಗುಡಿಸಿ ಬೆಂಕಿ ಹಚ್ಚಬೇಡಿ. ಎಲೆ ಹಳದಿಯಾದ ದಿನದಿಂದ ಮುಂದಿನ ಮೇ ಕೊನೆಯವರೆಗೆ ಆ ಮೂಲೆಗೆ ನೀರಿನ ಪೈಪು ಎಳೆಯಬೇಡಿ, ಪಕ್ಕದ ಮಲ್ಲಿಗೆಗೆ ಹಾಕಿದ ನೀರು ಹರಿದು ಬರದಂತೆ ಸಣ್ಣ ಒಡ್ಡು ಹಾಕಿ. ಜಾಗಕ್ಕೆ ಒಂದು ಕಲ್ಲು ಇಟ್ಟು ಗುರುತು ಮಾಡುವುದನ್ನು ಮರೆಯಬೇಡಿ, ಜನವರಿಯಲ್ಲಿ ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ.